ಧೈರ್ಯಲಕ್ಷ್ಮಿಯ ಭಯದ ರೀಡಿಂಗು

"ಮೂವತ್ತೇ ದಿನ! ಮೂವತ್ತು ದಿನದಲ್ಲಿ ಈ ನಾಯಿ ಊರ ಮುಂದೆ ಎದೆ ಸೆಟೆಸಿ ನಿಲ್ಲಲಿಲ್ಲ ಅಂದ್ರೆ ನನ್ನ ಹೆಸರು ವೀರಭದ್ರಸ್ವಾಮಿನೇ ಅಲ್ಲ!"

ಸೀಗೆಕೊಪ್ಪಲಿನ ಹಾಲಿನ ಸಂಘದ ಕಾರ್ಯದರ್ಶಿ ವೀರಭದ್ರಸ್ವಾಮಿಯವರು ಹೀಗೆ ಘೋಷಿಸಿದಾಗ, ಕೇಳಿಸಿಕೊಳ್ಳಬೇಕಾಗಿದ್ದ ನಾಯಿ ಅಲ್ಲಿರಲಿಲ್ಲ. ‘ಮೂವತ್ತೇ’ ಎಂಬ ಮೊದಲ ಪದಕ್ಕೇ ಅದು ಹಿತ್ತಲಿನ ಹಳೇ ಎತ್ತಿನ ಗಾಡಿಯ ಕೆಳಗೆ ಸೇರಿಕೊಂಡಾಗಿತ್ತು.

ನಾಯಿಯನ್ನು ತಂದವಳು ಅವರ ಅಕ್ಕನ ಮಗಳು ಕಾವ್ಯಶ್ರೀ. ಹುಣಸೂರಿನಲ್ಲಿ ಸಾಕುಪ್ರಾಣಿಗಳ ಕ್ಲಿನಿಕ್ಕೊಂದರಲ್ಲಿ ಕೆಲಸ; ಬಿಡುವಿದ್ದಾಗ ಗೆಳತಿಯರ ಜೊತೆ ಸೇರಿ ದಿಕ್ಕಿಲ್ಲದ ನಾಯಿಗಳನ್ನು ಎತ್ತಿ ತಂದು ಮನೆ ಹುಡುಕಿಕೊಡುವ ಹುಚ್ಚು. ಕಾಕನಕೋಟೆಯ ಕಡೆಗೆ ಹೋಗುವ ರಸ್ತೆಯಲ್ಲಿ ಯಾರೋ ಇದನ್ನು ಕಾರಿನಿಂದ ಇಳಿಸಿ ಹೊರಟುಹೋಗಿದ್ದರಂತೆ. ಮೂರು ದಿನ ಅದೇ ಜಾಗದಲ್ಲಿ ಕೂತು ಬರುವ ಕಾರುಗಳನ್ನೆಲ್ಲ ನೋಡುತ್ತಿತ್ತಂತೆ. ಕಂದು ಮೈ, ಮಡಿಚಿದ ಒಂದು ಕಿವಿ, ಹೊಟ್ಟೆಗೆ ಅಂಟಿಕೊಂಡ ಬಾಲ.

"ಮಾವ, ಇವಳಿಗೆ ಜನ ಅಂದ್ರೆ ಜೀವ ಹೋಗತ್ತೆ. ಬಲವಂತ ಮಾಡ್ಬೇಡಿ, ಸುಮ್ನೆ ಇರಿ ಸಾಕು. ಒಂದು ತಿಂಗಳು ಬಿಟ್ಟು ಬಂದು ನೋಡ್ತೀನಿ. ಆಗ್ಲೂ ಹೀಗೇ ನಡುಗ್ತಿದ್ರೆ ಮೈಸೂರಿನ ಶೆಲ್ಟರಿಗೆ ಬಿಡ್ಬೇಕಾಗತ್ತೆ. ಅಲ್ಲಿ ನೂರಾರು ನಾಯಿ. ಇಂಥ ಹೆದರುಪುಕ್ಕಲು ಅಲ್ಲಿ ಮೂಲೆ ಸೇರಿದ್ರೆ ಮತ್ತೆ ಎದ್ದು ಬರಲ್ಲ."

"ಸುಮ್ನೆ ಇರೋದಾ? ನಮ್ಮನೇಲಾ?" ಎಂದರು ವೀರಭದ್ರಸ್ವಾಮಿಯವರ ಹೆಂಡತಿ ಉಷಾರಾಣಿ. ಅವರು ನಗುತ್ತಿರಲಿಲ್ಲ.

ಇಲ್ಲಿ ವೀರಭದ್ರಸ್ವಾಮಿಯವರ ಗಂಟಲಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಇಪ್ಪತ್ತೆರಡು ವರ್ಷಗಳಿಂದ ಆ ಗಂಟಲು ಸಂಘದ ಮೇಜಿನ ಹಿಂದೆ ನಿಂತು ದಿನಕ್ಕೆರಡು ಹೊತ್ತು ನೂರಿಪ್ಪತ್ತು ಕ್ಯಾನುಗಳ ಹಣೆಬರಹ ಸಾರುತ್ತ ಬಂದಿದೆ. ಸೌಟು ಅದ್ದಿ ಹಾಲು ಮೂಸಿ, ಮಷೀನಿಗೆ ಹಾಕಿ, ಕೊಬ್ಬಿನ ರೀಡಿಂಗನ್ನು ಊರಿಗೆಲ್ಲ ಕೇಳುವಂತೆ ಕೂಗುವುದು ಅವರ ಪದ್ಧತಿ. ಹಾಲು ಸರಿಯಿಲ್ಲವೋ, "ವಾಪಸ್ಸು! ನಾಳೆ ತನ್ನಿ!" ಎಂಬ ಸಿಡಿಲು. ಆ ಸಿಡಿಲಿಗೆ ಪಕ್ಕದ ಗುರುಪುರದ ಕೆರೆಯ ಕೊಕ್ಕರೆಗಳು ಹಾರುತ್ತವೆಂದು ಊರಿನವರು ಹೇಳುತ್ತಾರೆ. ಕ್ಯಾನು ತಂದವರು ಮಾತ್ರ ತಲೆ ತಗ್ಗಿಸಿ "ಆಯ್ತು ಅಯ್ನೋರೆ" ಎಂದು ಇರುವೆ ದನಿಯಲ್ಲಿ ಹೇಳಿ ಹಿಂತಿರುಗುತ್ತಾರೆ. ಇದಕ್ಕೆ ಗೌರವ ಎಂದು ಹೆಸರು ಎಂಬುದು ವೀರಭದ್ರಸ್ವಾಮಿಯವರ ಖಚಿತ ನಂಬಿಕೆ.

ಇಂಥ ಮಹಾಪುರುಷರ ಕೈಗೆ ನಾಯಿ ಸಿಕ್ಕಿತು.

ಮೊದಲು ನಾಮಕರಣ. "ಹೆಸರಲ್ಲೇ ಧೈರ್ಯ ತುಂಬಿರ್ಬೇಕು ಕಣೇ! ಧೈರ್ಯಲಕ್ಷ್ಮಿ!"

"ಲಚ್ಚಿ," ಎಂದು ಉಷಾರಾಣಿ ಮೆಲ್ಲಗೆ ಕರೆದರು. ಗಾಡಿಯ ಕೆಳಗೆ ಮಡಿಚಿದ ಕಿವಿ ಎದ್ದು ನಿಂತಿತು. "ಧೈರ್ಯಲಕ್ಷ್ಮೀ!" ಎಂದು ಯಜಮಾನರು ಕೂಗಿದರು. ಕಿವಿ ಮಾಯವಾಯಿತು.

ವೀರಭದ್ರಸ್ವಾಮಿಯವರು ಹಳೆಯ ರಿಜಿಸ್ಟರೊಂದನ್ನು ತೆಗೆದು ಕಾಲಂ ಎಳೆದರು: ದಿನಾಂಕ, ಹೊತ್ತು, ಭಯ, ಷರಾ. ಹಾಲಿನ ಕೊಬ್ಬನ್ನು ಅಳೆಯಬಲ್ಲವರಿಗೆ ನಾಯಿಯ ಭಯವನ್ನು ಅಳೆಯುವುದು ಯಾವ ದೊಡ್ಡ ವಿಷಯ! ಮೊದಲ ದಿನದ ದಾಖಲೆ: ‘ಭಯ 9.2. ಷರಾ: ಗಾಡಿ ಕೆಳಗೆ.’

ಎರಡನೇ ದಿನ ಬೆಳಿಗ್ಗೆ ಸಂಘದಲ್ಲಿ ಆಜ್ಞೆ ಹೊರಟಿತು. ಸಂಘಕ್ಕೂ ಅವರ ಹಿತ್ತಲಿಗೂ ನಡುವೆ ಎದೆಮಟ್ಟದ ಒಂದು ಗೋಡೆ, ಅದರಲ್ಲೊಂದು ಪುಟ್ಟ ಗೇಟು. "ಇವತ್ತಿಂದ ಹಾಲು ಹಾಕಿದ ಪ್ರತಿಯೊಬ್ಬ ಸದಸ್ಯರೂ ನಮ್ಮ ಹಿತ್ತಲಿಗೆ ಬಂದು, ನಾಯಿಗೆ ಒಂದು ಬಿಸ್ಕತ್ತು ಇಟ್ಟು, ಎರಡು ಒಳ್ಳೇ ಮಾತಾಡಿ ಹೋಗ್ಬೇಕು! ಜನರ ಭಯ ಹೋಗೋಕೆ ಜನಾನೇ ಔಷಧಿ!"

ಸದಸ್ಯರು ಮುಖ ಮುಖ ನೋಡಿಕೊಂಡರು. ಸಾಲಿನಲ್ಲಿ ಮೊದಲು ನಿಂತಿದ್ದವನು ಎರಡು ಎಮ್ಮೆಗಳ ಒಡೆಯ ಹುಚ್ಚಯ್ಯ. "ನಾಯಿ ತಾವ ಏನ್ ಮಾತಾಡದು ಅಯ್ನೋರೆ?"

"ಧೈರ್ಯ ತುಂಬೋ ಮಾತು ಕಣಯ್ಯ!"

ಹುಚ್ಚಯ್ಯ ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಅವನ ಬೆನ್ನ ಹಿಂದೆಯೇ ರಿಜಿಸ್ಟರು ಹಿಡಿದ ಕಾರ್ಯದರ್ಶಿಗಳು. ಬಿಸ್ಕತ್ತನ್ನು ಗಾಡಿಯ ಕೆಳಕ್ಕೆ ಚಾಚಿದ. "ಅವ್ವಾ... ತಾಯೀ... ನೀನೇನೂ ತಪ್ ಮಾಡಿಲ್ಲ ಕಣವ್ವ..."

"ಜೋರಾಗಿ!"

"ನೀನೇನೂ ತಪ್ ಮಾಡಿಲ್ಲ ಕಣವ್ವಾ! ನಾನೂ ತಪ್ ಮಾಡಿಲ್ಲ! ಆಲ್ಗೆ ನೀರ್ ಬೆರ್ಸಿಲ್ಲ!"

ಹೀಗೆ ನೂರಿಪ್ಪತ್ತು ಜನ. ಗಾಡಿಯ ಸುತ್ತ ಬಿಸ್ಕತ್ತಿನ ರಂಗೋಲಿಯೇ ಬಿದ್ದಿತು. ಧೈರ್ಯಲಕ್ಷ್ಮಿ ಗಾಲಿಗೆ ಬೆನ್ನು ಒತ್ತಿಕೊಂಡು ಕಣ್ಣು ಮುಚ್ಚಿದ್ದಳು. ಆದರೆ ಬಿಸ್ಕತ್ತಿನ ಸುದ್ದಿ ಊರಿನ ಬೇರೆ ನಾಯಿಗಳಿಗೆ ಮುಟ್ಟಿತು! ನಾಲ್ಕನೆಯ ದಿನ ಸಾಲಿನ ಕೊನೆಯಲ್ಲಿ ಹನ್ನೊಂದು ನಾಯಿಗಳು, ಥೇಟು ಸದಸ್ಯರ ಹಾಗೆಯೇ, ಒಂದರ ಹಿಂದೊಂದು ನಿಂತಿದ್ದವು. ಐದನೆಯ ದಿನ ಅವುಗಳಲ್ಲೊಂದು ಮುಂಗಾಲುಗಳನ್ನು ಪರೀಕ್ಷೆಯ ಮೇಜಿನ ಮೇಲಿಟ್ಟು ಕಾರ್ಯದರ್ಶಿಗಳನ್ನೇ ದಿಟ್ಟಿಸಿ ನೋಡಿತು. ಊರಿನ ಅಷ್ಟೂ ನಾಯಿಗಳಿಗೆ ಆತ್ಮವಿಶ್ವಾಸ ಬಂದಿತ್ತು, ಧೈರ್ಯಲಕ್ಷ್ಮಿಯೊಬ್ಬಳನ್ನು ಬಿಟ್ಟು! ಆರನೆಯ ದಿನ ಯೋಜನೆ ರದ್ದಾಯಿತು. ‘ಭಯ 9.8. ಷರಾ: ಬಿಸ್ಕತ್ತಿಗೆ ಜಗ್ಗುವ ಭಯವಲ್ಲ.’

"ರೀ, ಒಂದು ಮಾತು ಹೇಳ್ಲಾ?" ಎಂದರು ಉಷಾರಾಣಿ.

"ನೀನು ಸುಮ್ನಿರು! ನಾನು ಯೋಚ್ನೆ ಮಾಡ್ತಿದೀನಿ!"

ಉಷಾರಾಣಿ ಸುಮ್ಮನಾದರು. ಆ ತಿಂಗಳಲ್ಲಿ ಅವರು ಒಟ್ಟು ಮೂರು ಸಲ ಆ ಒಂದು ಮಾತನ್ನು ಹೇಳಲು ಹೋಗಿ ಮೂರು ಸಲವೂ ಸುಮ್ಮನಾದರು ಎಂಬುದು ಮುಂದೆ ಬಹಳ ಮುಖ್ಯವಾಗುತ್ತದೆ.

ಎರಡನೇ ವಾರದಿಂದ ಗೊಂದಲ ಶುರುವಾಯಿತು. ಯಜಮಾನರ ಕಣ್ಣೆದುರಿಗೆ ಒಂದು ತುತ್ತೂ ತಿನ್ನದ ನಾಯಿ ದಿನದಿಂದ ದಿನಕ್ಕೆ ದುಂಡಗಾಗತೊಡಗಿತು! ಪಕ್ಕೆಲುಬುಗಳನ್ನು ಎಣಿಸಬಹುದಾಗಿದ್ದ ಕಡೆ ಈಗ ಎಣಿಸಲು ಏನೂ ಇರಲಿಲ್ಲ. ಹನ್ನೆರಡನೆಯ ದಿನ ಅವಳ ಕೊರಳಲ್ಲಿ ಎರಡು ಗಂಟು ಹಾಕಿದ ಕಪ್ಪು ದಾರ, ಅದರಲ್ಲೊಂದು ಅಂತ್ರದ ತಾಯಿತ!

"ಇದನ್ನ ಯಾರು ಕಟ್ಟಿದ್ದು? ಇದು ಯಾರನ್ನೂ ಹತ್ರ ಬಿಟ್ಕೊಳ್ಳಲ್ವಲ್ಲ?"

"ಗಾಳಿಗೆ ಹಾರ್ಕೊಂಡು ಬಂದು ಸಿಕ್ಕಾಕೊಂಡಿರ್ಬೇಕು," ಎಂದರು ಉಷಾರಾಣಿ, ಒಲೆಯ ಕಡೆಗೆ ತಿರುಗಿ.

‘ಷರಾ: ಗಾಳಿ,’ ಎಂದು ವೀರಭದ್ರಸ್ವಾಮಿಯವರು ಬರೆದುಕೊಂಡರು. ಬರೆದ ಮೇಲೆ ಬಹಳ ಹೊತ್ತು ಆ ಎರಡಕ್ಷರವನ್ನೇ ನೋಡಿದರು. ಗಾಳಿ ಎರಡು ಗಂಟು ಹಾಕುವುದನ್ನು ಅವರು ಕಂಡಿರಲಿಲ್ಲ.

ಹದಿನಾರನೆಯ ದಿನ ನಾಯಿಯಿಂದ ಸೀಗೆಕಾಯಿಯ ವಾಸನೆ ಬಂತು. ಸೀಗೆಕಾಯಿ ಹಾಕಿ ಸ್ನಾನ ಮಾಡುವ ನಾಯಿ! ಹತ್ತೊಂಬತ್ತನೆಯ ದಿನವಂತೂ ಕಣ್ಣನ್ನೇ ನಂಬುವಂತಿರಲಿಲ್ಲ. ಹುಣಸೂರಿಗೆ ಮೀಟಿಂಗಿಗೆ ಹೋಗಿದ್ದವರು ಮಧ್ಯಾಹ್ನದ ಬಸ್ಸಿಳಿದು ನೋಡುತ್ತಾರೆ, ದೂರದಲ್ಲಿ ಅರಳಿಕಟ್ಟೆಯ ಮೇಲೆ ಚೌಕಾಬಾರ ಆಡುತ್ತಿದ್ದವರ ನಡುವೆ ಒಂದು ಕಂದು ನಾಯಿ ನಾಲ್ಕೂ ಕಾಲು ಮೇಲೆ ಮಾಡಿ ಮಲಗಿದೆ! ಯಾರೋ ಅದರ ಹೊಟ್ಟೆ ಕೆರೆಯುತ್ತಿದ್ದಾರೆ!

"ಯಾರ್ದ್ರಯ್ಯ ಆ ನಾಯೀ?"

ಕಟ್ಟೆ ತಲುಪುವ ಹೊತ್ತಿಗೆ ನಾಯಿಯೂ ಇಲ್ಲ, ಒಂದು ಕೂದಲೂ ಇಲ್ಲ. ಆರು ಜನ ಮೈಯೆಲ್ಲ ಬೆವರಿ ಚೌಕಾಬಾರದ ಮನೆಗಳನ್ನು ಕಣ್ಣು ಪಿಳುಕಿಸದೆ ನೋಡುತ್ತಿದ್ದರು. "ನಾಯಾ? ಯಾವ್ ನಾಯಿ ಅಯ್ನೋರೆ?" ಎಂದ ಹುಚ್ಚಯ್ಯ. ಮನೆಗೆ ಓಡಿ ಬಂದು ನೋಡಿದರೆ ಧೈರ್ಯಲಕ್ಷ್ಮಿ ಗಾಡಿಯ ಕೆಳಗೇ ಇದ್ದಳು. ಯಾಕೋ ನಾಲಿಗೆ ಚಾಚಿ ಏದುಸಿರು ಬಿಡುತ್ತಿದ್ದಳು.

ಆ ಸಂಜೆ ವೀರಭದ್ರಸ್ವಾಮಿಯವರಿಗೆ ಜ್ಞಾನೋದಯವಾಯಿತು. "ಎರಡು ನಾಯಿ ಇದಾವೆ ಕಣೇ! ತದ್ರೂಪು! ಒಂದು ಪುಕ್ಕಲು, ನಮ್ಮದು. ಇನ್ನೊಂದು ಧೈರ್ಯವಂತೆ, ಊರಲ್ಲಿ ತಿರುಗ್ತಾ ಇದೆ!"

ರೊಟ್ಟಿ ತಟ್ಟುತ್ತಿದ್ದ ಉಷಾರಾಣಿಗೆ ಕೆಮ್ಮು ಬಂತು. ಕೆಮ್ಮುತ್ತಲೇ ಇದ್ದರು. "ರೀ, ಒಂದು ಮಾತು..."

"ನೀನು ಸುಮ್ನಿರು!"

ಎರಡು ನಾಯಿಗಳ ಸಿದ್ಧಾಂತವನ್ನು ಸಾಬೀತು ಮಾಡಬೇಕಲ್ಲ? ನಮ್ಮ ನಾಯಿಗೆ ಗುರುತು ಹಾಕಬೇಕು. ಹತ್ತಿರ ಹೋದರೆ ಓಡುತ್ತದೆ. ಇಪ್ಪತ್ತಾರನೆಯ ದಿನ ಮಧ್ಯಾಹ್ನ ಅವಳು ನಿದ್ದೆಯಲ್ಲಿದ್ದಾಗ, ಕಾರ್ಯದರ್ಶಿಗಳು ಸಂಘದ ದುಂಡು ಸೀಲನ್ನು ಉದ್ದದ ಬಿದಿರು ಗಳದ ತುದಿಗೆ ಕಟ್ಟಿ, ನೇರಳೆ ಮಸಿಯಲ್ಲಿ ಚೆನ್ನಾಗಿ ಅದ್ದಿ, ನೆಲಕ್ಕೆ ಹೊಟ್ಟೆ ಹಚ್ಚಿ ತೆವಳಿ, ಉಸಿರು ಬಿಗಿಹಿಡಿದು ಅವಳ ಬೆನ್ನಿಗೆ ಒತ್ತಿದರು! ಅವಳು ಛಂಗನೆ ಹಾರಿದಳು. ಮಸಿ ಅರ್ಧ ಬೆನ್ನಿಗೆ ಹರಡಿತು. ‘ಸೀಗೆಕೊಪ್ಪಲು ಹಾಲು ಉ’ ಎಂಬಲ್ಲಿಯವರೆಗೆ ಮಾತ್ರ ಅಚ್ಚಾಯಿತು. ಆದರೂ ಸರಕಾರಿ ಕೆಲಸದಷ್ಟೇ ಪಕ್ಕಾ ಗುರುತು.

ಮರುದಿನ ಬೆಳಿಗ್ಗೆ ಹಾಲಿಗೆ ಬಂದ ಹುಚ್ಚಯ್ಯನ ಅಂಗೈ ನೇರಳೆ!

ವೀರಭದ್ರಸ್ವಾಮಿಯವರು ಸೌಟು ಕೆಳಗಿಟ್ಟರು. ಅವನ ಹಿಂದಿದ್ದ ಚಿಕ್ಕಬೀರಮ್ಮ, ಊರಿಗೆಲ್ಲ ಅಂತ್ರ ಕಟ್ಟಿಕೊಡುವ ಮುದುಕಿ. ಅವಳ ಬಲಗೆನ್ನೆ ನೇರಳೆ. ಪೂಜಾರಿ ದೇವಯ್ಯನ ಬಿಳೀ ಪಂಚೆಯ ತೊಡೆಯ ಮೇಲೆ ‘ಹಾಲು’ ಎಂಬ ಅಕ್ಷರಗಳು, ತಿರುಗಾಮುರುಗಾ! ಎಣಿಸಿದರು: ಮೂವತ್ತೆಂಟು ಜನ. ಗಾಬರಿಯಿಂದ ಮನೆಗೆ ಬಂದರೆ ಹೆಂಡತಿಯ ಸೀರೆಯ ಮಡಿಲೂ ನೇರಳೆ!

"ನೀನೂನಾ!"

"ರೀ, ಈಗ್ಲಾದ್ರೂ ಒಂದು ಮಾತು..."

"ನೀನು ಸುಮ್ನಿರು!"

ಇಲ್ಲಿ ವೀರಭದ್ರಸ್ವಾಮಿಯವರ ತರ್ಕವನ್ನು ಮೆಚ್ಚಲೇಬೇಕು. ನಾಯಿ ಮನುಷ್ಯರ ಹತ್ತಿರ ಸುಳಿಯುವುದಿಲ್ಲ. ಇದು ಇಪ್ಪತ್ತೇಳು ದಿನಗಳ ರಿಜಿಸ್ಟರಿನಲ್ಲಿ ದಾಖಲಾದ ಸತ್ಯ. ಆದ್ದರಿಂದ ಈ ಮಸಿ ನಾಯಿಯಿಂದ ಬಂದಿರಲು ಸಾಧ್ಯವೇ ಇಲ್ಲ. ಹಾಗಾದರೆ? ಸಂಘದ ಸೀಲನ್ನು ಯಾರೋ ಕದ್ದು ಬಳಸುತ್ತಿದ್ದಾರೆ! ಮೂವತ್ತೆಂಟು ಜನರ ಜಾಲ! ಅದರಲ್ಲಿ ಸ್ವಂತ ಹೆಂಡತಿ!

ಕೂಡಲೇ ಬೋರ್ಡಿನ ಮೇಲೆ ನೋಟೀಸು ಬಿತ್ತು: ‘ಸೀಲು ದುರುಪಯೋಗ. ತುರ್ತು ಸಭೆ. ಭಾನುವಾರ ಹತ್ತು ಗಂಟೆ. ಕಾರ್ಯದರ್ಶಿಗಳ ಹಿತ್ತಲು. ಗೈರುಹಾಜರಿಗೆ ಕ್ಷಮೆ ಇಲ್ಲ.’

ಆ ಭಾನುವಾರವೇ ಮೂವತ್ತನೆಯ ದಿನ. ಸೀಲಿನ ಗಲಾಟೆಯಲ್ಲಿ ಅದನ್ನು ವೀರಭದ್ರಸ್ವಾಮಿಯವರು ಮರೆತೇಬಿಟ್ಟಿದ್ದರು. ಉಷಾರಾಣಿ ಮರೆತಿರಲಿಲ್ಲ. ಹಿಂದಿನ ಸಂಜೆ ಅವರು ಗಾಡಿಯ ಪಕ್ಕ ಬಹಳ ಹೊತ್ತು ಕೂತಿದ್ದರು. ಕಣ್ಣು ಒದ್ದೆಯಾಗಿತ್ತು.

ಹಿತ್ತಲು ತುಂಬ ಜನ ನೆಲದ ಮೇಲೆ ಕೂತರು. ಕಾರ್ಯದರ್ಶಿಗಳು ಮೈಕು ಹಿಡಿದರು. ಅವರಿಗೆ ಮೈಕು ಬೇಕಿರಲಿಲ್ಲ, ಆದರೂ ಹಿಡಿದರು.

"ಹುಚ್ಚಯ್ಯ! ಕೈ ಎತ್ತು! ಏನದು?"

"ಅದು... ನೇರ್ಳೆಹಣ್ಣು ಅಯ್ನೋರೆ."

"ಈ ಚಳೀಲಿ ನೇರಳೆಹಣ್ಣಾ? ಚಿಕ್ಕಬೀರಮ್ಮ! ನಿನ್ನ ಕೆನ್ನೆಗೆ ಸೀಲು ಹೊಡೆದೋರು ಯಾರು?"

"ಈ ವಯಸ್ನಾಗೆ ನನ್ ಕೆನ್ನೆಗೆ ಯಾರ್ ಸೀಲ್ ಒಡೀತಾರೆ ಬುಡಿ ಅಯ್ನೋರೆ," ಎಂದಳು ಮುದುಕಿ. ಯಾರೋ ನಕ್ಕರು. ಕಾರ್ಯದರ್ಶಿಗಳು ಆ ಕಡೆ ತಿರುಗಿದ ಕೂಡಲೇ ನಗು ಸತ್ತುಹೋಯಿತು.

ಅಷ್ಟರಲ್ಲಿ ಗೇಟಿನ ಹತ್ತಿರ ಸ್ಕೂಟರು ನಿಂತಿತು. ಕಾವ್ಯಶ್ರೀ ಬಂದು ಒಂದು ಸುತ್ತು ನೋಡಿದಳು: ಮೈಕು, ನೇರಳೆ ಜನ, ಗಾಡಿಯ ಕೆಳಗೆ ಮುದುಡಿದ ನೇರಳೆ ನಾಯಿ. ವೀರಭದ್ರಸ್ವಾಮಿಯವರಿಗೆ ಆಗ ದಿನದ ನೆನಪಾಯಿತು. ರಿಜಿಸ್ಟರು ಚಾಚಿ, "ಇವತ್ತಿನ ರೀಡಿಂಗು 9.9 ಕಣಮ್ಮ. ಎಲ್ಲಾ ಪ್ರಯತ್ನ ಮಾಡ್ದೆ, ಜನರ ಭಯ ಹೋಗ್ಲೇ ಇಲ್ಲ," ಎಂದರು.

ಕಾವ್ಯಶ್ರೀ ಹುಚ್ಚಯ್ಯನ ಅಂಗೈ ನೋಡಿದಳು, ನಾಯಿಯ ಬೆನ್ನು ನೋಡಿದಳು. "ಮಾವ, ಒಂದು ಹತ್ತು ನಿಮಿಷ ಅಡುಗೆಮನೆಗೆ ಹೋಗಿ ಕಿಟಕೀಲಿ ನೋಡ್ತೀರಾ? ಮಾತಾಡದೆ."

ಹತ್ತು ನಿಮಿಷ ಬೇಕಾಗಲಿಲ್ಲ. ಅಡುಗೆಮನೆಯ ಬಾಗಿಲು ಮುಚ್ಚಿದ ಅರೆಗಳಿಗೆಗೇ ಗಾಡಿಯ ಕೆಳಗಿಂದ ಒಂದು ಮೂಗು ಬಂತು. ಆಮೇಲೆ ಮಡಿಚಿದ ಕಿವಿ. ಆಮೇಲೆ ಇಡೀ ಧೈರ್ಯಲಕ್ಷ್ಮಿ! ಮೈ ಕೊಡವಿ, ಬಾಲವನ್ನು ಬೀಸುತ್ತ ನೆಟ್ಟಗೆ ಹೋಗಿ ಹುಚ್ಚಯ್ಯನ ಮಡಿಲಿಗೆ ತಲೆಯಿಟ್ಟಳು. ಅವನ ಕೈ ತಾನಾಗಿ ಅವಳ ಬೆನ್ನಿಗೆ ಹೋಯಿತು, ಅದೇ ಅಂಗೈ, ಅದೇ ಮಸಿ. ಅಲ್ಲಿಂದ ಎದ್ದು ಚಿಕ್ಕಬೀರಮ್ಮನ ಕೆನ್ನೆ ನೆಕ್ಕಿ, ಬೆನ್ನನ್ನು ಅವಳ ಮುಖಕ್ಕೇ ಉಜ್ಜಿ, ದೇವಯ್ಯನ ತೊಡೆಯ ಮೇಲೆ ನಾಲ್ಕೂ ಕಾಲು ಮೇಲೆ ಮಾಡಿ ಉರುಳಿದಳು. ನೂರಿಪ್ಪತ್ತು ಜನರ ನಡುವೆ ಮದುವೆಮನೆಯ ಹಿರಿಯಕ್ಕನ ಹಾಗೆ ಓಡಾಡಿದಳು.

ವೀರಭದ್ರಸ್ವಾಮಿಯವರು ಸಂತೋಷಕ್ಕೆ ಕೂಗಲು ಬಾಯಿ ತೆರೆದರು. ಅಲ್ಲೇ ರೊಟ್ಟಿ ತಟ್ಟುತ್ತಿದ್ದ ಉಷಾರಾಣಿಯ ಹಿಟ್ಟಿನ ಕೈ ಆ ಬಾಯನ್ನು ಮುಚ್ಚಿತು. ಆ ನಿಶ್ಶಬ್ದದಲ್ಲಿ ಹುಚ್ಚಯ್ಯನ ಮಾತು ಕಿಟಕಿಯವರೆಗೂ ಬಂತು. ಅವನು ನಾಯಿಯ ಕಿವಿ ಸವರುತ್ತ ಹೇಳುತ್ತಿದ್ದ: "ಸಾಕು ಕಣ್ ಲಚ್ಚಿ, ಇನ್ನೇನ್ ಅವ್ರು ಬತ್ತಾರೆ, ಗಾಡಿ ಕೆಳಕ್ಕೋಗವ್ವ. ನಿಂಗಾದ್ರೆ ಅವಿತ್ಕೊಳಕೆ ಒಂದ್ ಗಾಡಿ ಅದೆ. ನಮ್ಗೆ ಅದೂ ಇಲ್ಲ."

ಉಷಾರಾಣಿ ಕೈ ತೆಗೆದರು. ವೀರಭದ್ರಸ್ವಾಮಿಯವರಿಗೆ ನಿಜವಾಗಿ ನೋವಾಗಿತ್ತು. ಇಪ್ಪತ್ತೆರಡು ವರ್ಷ ಗೌರವವೆಂದು ಎತ್ತಿಟ್ಟುಕೊಂಡದ್ದನ್ನು ಯಾರೋ ಮೂಸಿ ನೋಡಿ ಪಕ್ಕಕ್ಕಿಟ್ಟಂತಾಗಿತ್ತು.

"ಗೊತ್ತಿತ್ತಾ ನಿಂಗೆ?" ಎಂದು ಕೇಳಿದರು.

"ಮೊದಲನೇ ವಾರದಿಂದ್ಲೇ. ನೀವು ಹೊರಗೆ ಹೋದ ತಕ್ಷಣ ಅವಳು ಊರಿಗೆ ಹೋಗ್ತಿದ್ಲು. ಮೂರು ಸಲ ಹೇಳಕ್ಕೆ ಬಂದೆ."

ಹೊರಗೆ ಬಂದಾಗ ನಾಯಿ ಗಾಡಿಯ ಕೆಳಗಿತ್ತು, ಜನ ತಲೆ ತಗ್ಗಿಸಿದ್ದರು. "ಅಲ್ಲಯ್ಯ ಹುಚ್ಚಯ್ಯ, ನೀನಾದ್ರೂ ಹೇಳ್ಬಾರ್ದಿತ್ತಾ?"

"ಎಂಗ್ ಏಳದು ಅಯ್ನೋರೆ? ನಾಯಿ ನಿಮ್ಮನ್ ಕಂಡ್ರೆ ಮಾತ್ರ ಎದ್ರುತದೆ ಅಂದ್ರೆ, ಆಲು ವಾಪಸ್ ಮಾಡ್ಬುಡ್ತೀರಲ್ಲ?"

ಕಾವ್ಯಶ್ರೀ ತೀರ್ಪು ಕೊಟ್ಟಳು. "ಊರಿನವರ ಪರೀಕ್ಷೇಲಿ ಇವಳು ಪಾಸು. ಮನೆ ಯಜಮಾನರು ಫೇಲು. ಯಜಮಾನರನ್ನೇ ಕಂಡು ನಡುಗೋ ಮನೇಲಿ ಇವಳನ್ನ ಬಿಡೋಕಾಗಲ್ಲ ಮಾವ."

"ಲಚ್ಚಿ ಎಲ್ಲಿಗೂ ಹೋಗಲ್ಲ," ಎಂದರು ಉಷಾರಾಣಿ. "ಬೇಕಾದ್ರೆ ಇವರನ್ನ ಶೆಲ್ಟರಿಗೆ ಕರ್ಕೊಂಡ್ಹೋಗು."

ಎಲ್ಲರೂ ಸಿಡಿಲಿಗೆ ಕಾದರು. ವೀರಭದ್ರಸ್ವಾಮಿಯವರು ಮೈಕನ್ನು ಕೆಳಗಿಟ್ಟು ಕೇಳಿದರು, "ನಂಗೂ ಒಂದು ತಿಂಗಳು ಟೈಮ್ ಕೊಡ್ತೀಯೇನಮ್ಮ?"

ಕಾವ್ಯಶ್ರೀ ಒಪ್ಪಿ ಹಾಕಿಕೊಟ್ಟ ತರಬೇತಿಯ ನಿಯಮ ಸರಳವಾಗಿತ್ತು. ದಿನವೂ ಹಾಲಿನ ಹೊತ್ತು ಮುಗಿದ ಮೇಲೆ ಅರ್ಧ ಗಂಟೆ ಗಾಡಿಗೆ ಬೆನ್ನು ಹಾಕಿ ನೆಲದ ಮೇಲೆ ಕೂರುವುದು, ಅಂಗೈಯಲ್ಲಿ ಬಿಸ್ಕತ್ತಿಟ್ಟುಕೊಂಡು ಕೈ ಹಿಂದಕ್ಕೆ ಚಾಚುವುದು, ನಾಯಿಯನ್ನು ನೋಡದಿರುವುದು, ಬಾಯಿ ಮುಚ್ಚಿಕೊಂಡಿರುವುದು. ಕೊನೆಯದೇ ಕಷ್ಟ. ಮೊದಲ ದಿನ ಬಿಗಿಹಿಡಿದ ಮಾತಿಗೆ ಅವರಿಗೆ ಬಿಕ್ಕಳಿಕೆ ಬಂತು. ಗೋಡೆಯ ಮೇಲೆ ಸಾಲಾಗಿ ತಲೆಗಳು ಮೂಡಿದವು. ಊರಿನವರಿಗೆ ಇಂಥ ದೃಶ್ಯ ಹಿಂದೆಂದೂ ಸಿಕ್ಕಿರಲಿಲ್ಲ.

ಹತ್ತನೆಯ ದಿನ ಹುಚ್ಚಯ್ಯ ಗೋಡೆಯಾಚೆಯಿಂದ ಮೆಲ್ಲಗೆ ಶುರು ಮಾಡಿದ: "ಅಯ್ನೋರೆ, ನೀವು ಮಾತಾಡಂಗಿಲ್ವಂತೆ, ಅದ್ಕೇ ಏಳ್ಬುಡ್ತೀನಿ. ಓದ್ ತಿಂಗ್ಳು ನನ್ ಆಲು ವಾಪಸ್ ಮಾಡುದ್ರಲ್ಲ, ಅದು ನೀರಲ್ಲ ಕಣ್ರಿ, ಎಮ್ಮೆಗೆ ಉಸಾರಿರ್ಲಿಲ್ಲ." ವೀರಭದ್ರಸ್ವಾಮಿಯವರ ಗಂಟಲು ಉಬ್ಬಿತು, ಇಳಿಯಿತು. ಬಾಯಿ ತೆರೆಯುವಂತಿಲ್ಲದ್ದರಿಂದ ಅವರು ಮೊದಲ ಬಾರಿಗೆ ಒಂದು ಮಾತನ್ನು ಕೊನೆಯವರೆಗೂ ಕೇಳಿಸಿಕೊಂಡರು. ಮರುದಿನದಿಂದ ಗೋಡೆಯಾಚೆ ಅಹವಾಲುಗಳ ಸಾಲೇ ನಿಂತಿತು.

ಮತ್ತೆ ಮೂವತ್ತನೆಯ ದಿನ ಬಂತು. ಕಾವ್ಯಶ್ರೀ ಮೆಟ್ಟಿಲ ಮೇಲೆ ಕೂತಳು, ಪಕ್ಕದಲ್ಲಿ ಉಷಾರಾಣಿ. ಗೋಡೆಯ ಮೇಲೆ ಇಡೀ ಸೀಗೆಕೊಪ್ಪಲು. ವೀರಭದ್ರಸ್ವಾಮಿಯವರು ಕಣ್ಣು ಮುಚ್ಚಿ, ಕೈ ಹಿಂದಕ್ಕೆ ಚಾಚಿ ಕೂತರು. ಐದು ನಿಮಿಷ. ಹದಿನೈದು. ಇಪ್ಪತ್ತೈದು. ತೋಳು ಜೋಮು ಹಿಡಿಯಿತು. ಒಳಗೊಳಗೇ ಅವರು ಬೇಡಿಕೊಳ್ಳುತ್ತಿದ್ದರು: ಒಂದೇ ಸಲ ತಗೊಳ್ಳಮ್ಮ, ನಾನೇನೂ ಕೂಗಲ್ಲ, ಇಲ್ಲೇ ಇದ್ಬಿಡು.

ಒಣ ಎಲೆಯೊಂದು ಸರಿಯಿತು. ಅಂಗೈಗೆ ತಣ್ಣನೆಯ ಒದ್ದೆ ಮೂಗು ತಾಗಿತು. ಬಿಸ್ಕತ್ತು ಹೋಯಿತು! ಹಿಂದೆಯೇ ಬೆಚ್ಚನೆಯ ನಾಲಿಗೆ ಅಂಗೈಯನ್ನು ಒಮ್ಮೆ ನೆಕ್ಕಿತು!

"ತಗೊಂಡ್ಲೂ! ತಗೊಂಡ್ಲು ಕಣ್ರಯ್ಯಾ!"

ಗುರುಪುರದ ಕೊಕ್ಕರೆಗಳು ಹಾರಿದವು. ಗೋಡೆಯಾಚೆ ಹುಚ್ಚಯ್ಯನ ಕ್ಯಾನು ಢಣಾರೆಂದು ಉರುಳಿತು. ಗೋಡೆಯ ಮೇಲಿನ ತಲೆಗಳೆಲ್ಲ ಒಟ್ಟಿಗೆ ಮಾಯವಾದವು. ಧೈರ್ಯಲಕ್ಷ್ಮಿ ಗಾಡಿಯ ಕೆಳಗಿದ್ದಳು. ಆದರೆ ಬಿಸ್ಕತ್ತು ಬಿಟ್ಟಿರಲಿಲ್ಲ. ಕಟುಂ ಕಟುಂ ಎಂದು ಅಗಿಯುತ್ತ, ಒಂದು ಕಣ್ಣಲ್ಲಿ ಯಜಮಾನರನ್ನು ನೋಡುತ್ತಿದ್ದಳು. ಬಾಲದ ತುದಿ ಎರಡು ಸಲ ನೆಲಕ್ಕೆ ಬಡಿಯಿತು.

ಕಾವ್ಯಶ್ರೀ ನಗು ತಡೆದುಕೊಂಡು ರಿಜಿಸ್ಟರನ್ನು ಉಷಾರಾಣಿಯ ಕಡೆಗೆ ಸರಿಸಿದಳು. "ಲಚ್ಚಿ ಇಲ್ಲೇ ಇರ್ಲಿ. ಅತ್ತೆ, ಇವತ್ತಿನ ರೀಡಿಂಗ್ ನೀವೇ ಹೇಳಿ."

ಉಷಾರಾಣಿ ಎದ್ದು ಬಂದು ಗಂಡನ ಮುಂದೆ ನಿಂತರು. ಅವರ ಅಂಗೈಯನ್ನು ಹಿಡಿದು ಮೂಸಿ ನೋಡಿದರು.

"ವಾಪಸ್ಸು," ಎಂದರು. "ನಾಳೆ ತನ್ನಿ."

ವೀರಭದ್ರಸ್ವಾಮಿಯವರು ಗಾಡಿಯ ಕೆಳಗಿನ ಬಾಲವನ್ನೊಮ್ಮೆ ನೋಡಿ, ತಲೆ ತಗ್ಗಿಸಿ, ಇರುವೆಗೂ ಕೇಳಿಸದಷ್ಟು ಮೆಲ್ಲಗೆ ಹೇಳಿದರು:

"ಆಯ್ತು ಅಯ್ನೋರೆ."